ನಸ್ಯದ ಕುಪ್ಪಿಯ ಮೇಲಿನ ಹೆಸರು

ಅಂಗೈಯಲ್ಲಿ ಅಡಗುವಷ್ಟು ಚಿಕ್ಕದಾದ ಒಂದು ಮಣ್ಣಿನ ಕುಪ್ಪಿ. ಅದರ ಆಕಾರ ಹೃದಯದ್ದಿರಬಹುದು, ಮುಚ್ಚಿದ ಪುಸ್ತಕದ್ದಿರಬಹುದು, ಜೇಬುಗಡಿಯಾರದ್ದೂ ಇರಬಹುದು. ಹಾಲುಬಿಳುಪಿನ ಮೈಮೇಲೆ ಒಂದು ನೀಲಿ ಹೂ, ಅಂಚಿನಲ್ಲಿ ಹಳದಿಯ ಗೆರೆ, ನಡುವೆ ಮಗು ಬರೆದಂತೆ ಕಾಣುವ ಒಂದು ಹುಂಜ. ತಿರುಗಿಸಿ ನೋಡಿದರೆ ಕೆಲವು ಕುಪ್ಪಿಗಳ ಬೆನ್ನಮೇಲೆ ಯಾರೋ ಒಬ್ಬನ ಹೆಸರು, ಅದರ ಕೆಳಗೆ ಒಂದು ವರ್ಷ. ಆತ ಅರಸನಲ್ಲ, ಸೇನಾಪತಿಯಲ್ಲ, ಕವಿಯೂ ಅಲ್ಲ. ಚರಿತ್ರೆಯ ಯಾವ ಪುಟದಲ್ಲಿಯೂ ಸಿಕ್ಕದ ಆ ಹೆಸರು ಇನ್ನೂರು ವರ್ಷಗಳ ಗಾಳಿಮಳೆಯನ್ನು ದಾಟಿ, ಒಂದು ಚಿಟಿಕೆ ನಸ್ಯವನ್ನು ಇಟ್ಟುಕೊಳ್ಳುವ ಕುಪ್ಪಿಯ ಮೇಲೆ ಉಳಿದುಬಂದಿದೆ. ಫ್ರಾನ್ಸ್ ದೇಶದ ಹಳೆಯ ಚಿತ್ರಿತ ನಸ್ಯದ ಕುಪ್ಪಿಗಳನ್ನು ಸಂಗ್ರಹಿಸುವವರ ಹವ್ಯಾಸದ ತಿರುಳೆಲ್ಲ ಈ ಒಂದು ವಿಸ್ಮಯದಲ್ಲಿದೆ.

ನಸ್ಯವೆಂದೊಡನೆ ಕನ್ನಡದ ಮನೆಗಳಲ್ಲಿ ಹಿರಿಯರ ಮುಖದಮೇಲೆ ಒಂದು ನಗೆ ಸುಳಿಯುವುದು ಸಹಜ. ಪಂಚೆಯ ಮಡಿಕೆಯಿಂದ ಹೊರಬರುತ್ತಿದ್ದ ತಗಡಿನ ಡಬ್ಬಿ, ಮುಚ್ಚಳದ ಮೇಲೆ ಬೆರಳಿನಿಂದ ಎರಡು ಪೆಟ್ಟು, ಒಂದು ಚಿಟಿಕೆ, ಆಮೇಲೆ ಮನೆಯನ್ನೇ ನಡುಗಿಸುವ ಸೀನು, ಕಂದುಬಣ್ಣಕ್ಕೆ ತಿರುಗಿದ ಕರವಸ್ತ್ರವನ್ನು ಒಗೆಯಬೇಕಾದವರ ಗೊಣಗಾಟ — ಇವೆಲ್ಲ ಅನೇಕರಿಗೆ ಪರಿಚಿತವಾದ ದೃಶ್ಯಗಳು. ಆಯುರ್ವೇದದಲ್ಲಿ ಮೂಗಿನ ಮೂಲಕ ಕೊಡುವ ಔಷಧಕ್ಕೆ ನಸ್ಯವೆಂದು ಹೆಸರು. ಹೊಗೆಸೊಪ್ಪಿನ ಪುಡಿ ಅದೇ ಹೆಸರನ್ನು ತನ್ನದಾಗಿಸಿಕೊಂಡಿತು. ವಿಚಿತ್ರವೆಂದರೆ ಫ್ರಾನ್ಸಿನಲ್ಲಿಯೂ ಅದು ಔಷಧದ ವೇಷದಲ್ಲಿಯೇ ಅರಮನೆಯ ಬಾಗಿಲನ್ನು ತಟ್ಟಿತು. ಪೋರ್ಚುಗಲ್ಲಿನಲ್ಲಿ ಫ್ರೆಂಚ್ ರಾಯಭಾರಿಯಾಗಿದ್ದ ಝಾನ್ ನಿಕೋ ಎಂಬಾತನು ೧೫೬೦ರ ಸುಮಾರಿಗೆ ಹೊಗೆಸೊಪ್ಪನ್ನು ಕ್ಯಾಥರೀನ್ ದ ಮೆದಿಚಿಯ ಆಸ್ಥಾನಕ್ಕೆ ಕಳುಹಿಸಿದನು. ತಲೆನೋವಿಗೆ ಅದು ದಿವ್ಯೌಷಧವೆಂಬ ಪ್ರತೀತಿ ಹಬ್ಬಿತು. ಆ ನಿಕೋವಿನ ಹೆಸರೇ ಇಂದು ‘ನಿಕೊಟಿನ್’ ಎಂಬ ವಿಷದ ಹೆಸರಿನಲ್ಲಿ ಉಳಿದಿರುವುದು. ತಲೆನೋವಿಗೆ ಬಂದ ಮದ್ದು ಅಭ್ಯಾಸವಾಯಿತು, ಅಭ್ಯಾಸವು ಠೀವಿಯಾಯಿತು, ಠೀವಿಯು ಸರ್ಕಾರದ ಬೊಕ್ಕಸಕ್ಕೆ ಆದಾಯವಾಯಿತು. ೧೬೭೪ರಲ್ಲಿ ಹದಿನಾಲ್ಕನೆಯ ಲೂಯಿಯ ಮಂತ್ರಿ ಕೋಲ್ಬೇರನು ಹೊಗೆಸೊಪ್ಪಿನ ಮಾರಾಟವನ್ನು ರಾಜ್ಯದ ಏಕಸ್ವಾಮ್ಯಕ್ಕೆ ಒಳಪಡಿಸಿದನು. ಮಹಾಕ್ರಾಂತಿಯು ೧೭೯೧ರಲ್ಲಿ ಆ ಏಕಸ್ವಾಮ್ಯವನ್ನು ಕಿತ್ತೊಗೆಯಿತು; ಸ್ವತಃ ನಸ್ಯಪ್ರಿಯನಾದ ನೆಪೋಲಿಯನ್ ೧೮೧೦ರಲ್ಲಿ ಅದನ್ನು ಮತ್ತೆ ತಂದು ಕೂರಿಸಿದನು.

ಪ್ಯಾರಿಸಿನ ಶ್ರೀಮಂತರು ನಸ್ಯವನ್ನು ಇಟ್ಟುಕೊಳ್ಳುತ್ತಿದ್ದುದು ಬಂಗಾರದ ಡಬ್ಬಿಗಳಲ್ಲಿ. ಅವುಗಳ ಮುಚ್ಚಳದಮೇಲೆ ವಜ್ರದ ಹರಳುಗಳು, ದಂತದ ಮೇಲೆ ಬರೆದ ಸಣ್ಣ ಭಾವಚಿತ್ರಗಳು. ಅರಸರು ರಾಯಭಾರಿಗಳಿಗೆ ಅಂಥ ಡಬ್ಬಿಗಳನ್ನು ಉಡುಗೊರೆಯಾಗಿ ಕೊಡುತ್ತಿದ್ದರು. ಆದರೆ ಫ್ರಾನ್ಸಿನ ಪಶ್ಚಿಮದ ಅಂಚಿನಲ್ಲಿ, ಹೆಸರಿನಿಂದ ಬ್ರಿಟನ್ನನ್ನು ನೆನಪಿಸುವ ಬ್ರಿಟನಿ ಪ್ರಾಂತದಲ್ಲಿಯೂ ಅದರ ನೆರೆಯ ನಾರ್ಮಂಡಿಯಲ್ಲಿಯೂ, ಹೊಲ ಉಳುವವನಿಗೂ ಮೀನು ಹಿಡಿಯುವವನಿಗೂ ನಸ್ಯ ಬೇಕಾಗಿತ್ತು. ಬಂಗಾರದ ಡಬ್ಬಿ ಅವರ ಕನಸಿಗೂ ಎಟುಕದು. ಮೇಲಾಗಿ, ಕಡಲಗಾಳಿ ಬೀಸುವ ದಡದಲ್ಲಿ ಮುಚ್ಚಳ ತೆರೆದರೆ ಡಬ್ಬಿಯ ನಸ್ಯವೆಲ್ಲ ಗಾಳಿಯ ಪಾಲು. ಅವರ ಅಗತ್ಯಕ್ಕೆ ತಕ್ಕದ್ದು ಚಪ್ಪಟೆಯಾದ, ಜೇಬಿನಲ್ಲಿ ಹುದುಗುವ, ಕಿರಿದಾದ ಕೊರಳಿನ ಮಣ್ಣಿನ ಕುಪ್ಪಿ. ಅದರ ಬಾಯಿಗೆ ಒಂದು ಪುಟ್ಟ ಬಿರಡೆ. ಬಿರಡೆಯನ್ನು ತೆಗೆದು, ಕುಪ್ಪಿಯನ್ನು ಮಗುಚಿ, ಎಡಗೈಯ ಹಿಂಬದಿಗೆ ಒಮ್ಮೆ ಕುಲುಕಿದರೆ ಬೇಕಾದಷ್ಟೇ ನಸ್ಯ ಹೊರಬರುವುದು. ಫ್ರೆಂಚಿನಲ್ಲಿ ‘ಸೆಕ್ವೆ’ ಎಂದರೆ ಕುಲುಕುವುದು. ಆದಕಾರಣವೇ ಈ ಕುಪ್ಪಿಗೆ ‘ಸಕ್ವೆಟ್’ ಎಂದು ಹೆಸರು ಬಂದಿತು.

ನಸ್ಯವನ್ನು ಹಾಕಿಕೊಳ್ಳುತ್ತಿದ್ದ ಆ ಜಾಗಕ್ಕೂ ಒಂದು ಕಥೆಯುಂಟು. ಹೆಬ್ಬೆರಳನ್ನು ಮೇಲಕ್ಕೆ ಚಾಚಿದಾಗ ಮಣಿಕಟ್ಟಿನ ಬಳಿ ಎರಡು ನರಗಳಂತೆ ಎದ್ದುಕಾಣುವ ಸ್ನಾಯುರಜ್ಜುಗಳ ನಡುವೆ ಒಂದು ಕುಳಿ ಬೀಳುವುದಷ್ಟೆ? ಅಂಗರಚನಾಶಾಸ್ತ್ರದ ಪುಸ್ತಕಗಳಲ್ಲಿ ಇಂದಿಗೂ ಅದರ ಹೆಸರು ‘ನಸ್ಯದ ಡಬ್ಬಿ’ ಎಂದೇ. ವೈದ್ಯವಿದ್ಯಾರ್ಥಿಗಳು ಪರೀಕ್ಷೆಗೆಂದು ಉರುಹೊಡೆಯುವ ಆ ಹೆಸರಿನ ಹಿಂದೆ ಹೀಗೆ ಕೈಯನ್ನು ಚಾಚಿ ನಿಂತ ಎಷ್ಟೋ ಜನರ ನೆರಳಿದೆ.

ಈ ಕುಪ್ಪಿಗಳು ಯಾವ ಬಗೆಯ ಮಣ್ಣಿನವು? ಪಿಂಗಾಣಿಯಂತೆ ಕಂಡರೂ ಇವು ಪಿಂಗಾಣಿಯಲ್ಲ. ಇವನ್ನು ‘ಫೈಯಾನ್ಸ್’ ಎನ್ನುತ್ತಾರೆ. ಇಟಲಿಯ ಫಾಯೆಂಜಾ ಎಂಬ ಊರಿನ ಹೆಸರಿನಿಂದ ಬಂದ ಮಾತು ಅದು. ಸಾಧಾರಣವಾದ ಜೇಡಿಮಣ್ಣಿನಲ್ಲಿ ಕುಪ್ಪಿಯನ್ನು ರೂಪಿಸಿ, ಒಣಗಿಸಿ, ಮೊದಲು ಒಮ್ಮೆ ಆವಿಗೆಯಲ್ಲಿ ಸುಡುವುದು. ಅನಂತರ ಸೀಸ ಮತ್ತು ತವರದ ಭಸ್ಮಗಳು ಬೆರೆತ ಲೇಪದಲ್ಲಿ ಅದ್ದಿ ತೆಗೆಯುವುದು. ಮಣ್ಣಿನ ಕಂದುಬಣ್ಣವನ್ನು ಮರೆಮಾಡುವ ಬಿಳುಪೆಲ್ಲ ತವರದ ಕೊಡುಗೆ. ಲೇಪ ಆರಿ ಪುಡಿಪುಡಿಯಾಗಿ ನಿಂತಾಗ, ಅದಿನ್ನೂ ಸುಡದಿರುವಾಗಲೇ, ಅದರ ಮೇಲೆ ಚಿತ್ರ ಬರೆಯಬೇಕು. ನೀಲಿಗೆ ಕೋಬಾಲ್ಟ್, ಹಸುರಿಗೆ ತಾಮ್ರ, ನೇರಳೆಗೆ ಮ್ಯಾಂಗನೀಸ್, ಹಳದಿಗೆ ಆಂಟಿಮನಿ. ಪ್ರಬಲವಾದ ಉರಿಯನ್ನು ತಡೆದು ನಿಲ್ಲುವ ಬಣ್ಣಗಳು ಹೆಚ್ಚಿಲ್ಲವಾದ್ದರಿಂದ ಕುಪ್ಪಿಗಳ ಮೇಲೆ ಮತ್ತೆಮತ್ತೆ ಅವೇ ನಾಲ್ಕೈದು ಬಣ್ಣಗಳು ಕಾಣುವುವು.

ಈ ಕೆಲಸದಲ್ಲಿ ಒಂದು ನಿಷ್ಠುರತೆಯಿದೆ. ಆರಿದ ಲೇಪವು ಒತ್ತುಕಾಗದದಂತೆ ಬಣ್ಣವನ್ನು ತಟಕ್ಕನೆ ಹೀರಿಕೊಳ್ಳುತ್ತದೆ. ಕುಂಚವಿಟ್ಟ ಕಡೆ ಇಟ್ಟಿತು, ಅಳಿಸುವಂತಿಲ್ಲ, ತಿದ್ದುವಂತಿಲ್ಲ. ಹೂವಿನ ಒಂದು ಎಸಳೆಂದರೆ ಕುಂಚದ ಒಂದೇ ಒತ್ತು. ಕೈ ನಡುಗಿದರೆ ಆ ನಡುಕವೂ ಆವಿಗೆಯಲ್ಲಿ ಬೆಂದು ಶಾಶ್ವತವಾಗುವುದು. ಎರಡನೆಯ ಸಲ ಸುಟ್ಟಾಗ ಲೇಪವು ಕರಗಿ ಗಾಜಿನಂತಾಗಿ ಬಣ್ಣವನ್ನು ತನ್ನೊಳಗೆ ಎಳೆದುಕೊಳ್ಳುತ್ತದೆ. ಬೆನ್ನಮೇಲಿನ ಹೆಸರನ್ನು ಬರೆದ ಕೈಯೂ ಇದೇ ನಿಯಮಕ್ಕೆ ಒಳಪಟ್ಟದ್ದು. ಆದುದರಿಂದ ಕೆಲವೆಡೆ ಅಕ್ಷರಗಳು ಜಾಗ ಸಾಲದೆ ಕೊನೆಯಲ್ಲಿ ಒತ್ತೊತ್ತಾಗಿ ನಿಂತಿರುತ್ತವೆ; ಕಾಗುಣಿತವೂ ತಪ್ಪಿರುತ್ತದೆ. ಸಂಗ್ರಾಹಕನಿಗೆ ಆ ತಪ್ಪುಗಳೇ ಪ್ರೀತಿಪಾತ್ರವಾದುವು.

ಫ್ರಾನ್ಸಿನಲ್ಲಿ ಫೈಯಾನ್ಸಿಗೆ ಬೆಲೆ ಬಂದುದಕ್ಕೆ ಯುದ್ಧಗಳೂ ಕಾರಣ. ತನ್ನ ಯುದ್ಧಗಳ ವೆಚ್ಚಕ್ಕಾಗಿ ಹದಿನಾಲ್ಕನೆಯ ಲೂಯಿ ೧೬೮೯ರಲ್ಲಿಯೂ ಮತ್ತೆ ೧೭೦೯ರಲ್ಲಿಯೂ ಬೆಳ್ಳಿಯ ಸಾಮಾನುಗಳನ್ನು ಕರಗಿಸಲು ಕೊಡುವಂತೆ ಮಾಡಿದನು. ಬೆಳ್ಳಿ ಹೋದ ಊಟದ ಮೇಜುಗಳಮೇಲೆ ಚಿತ್ರಿತ ಮಣ್ಣಿನ ತಟ್ಟೆಗಳು ಬಂದು ಕುಳಿತವು. ಇಟಲಿಯ ಕುಂಬಾರರಿಂದ ವಿದ್ಯೆ ಕಲಿತ ನೆವೇರ್, ನಾರ್ಮಂಡಿಯ ರೂವಾಂ ಮುಂತಾದ ಪಟ್ಟಣಗಳು ಹೆಸರುವಾಸಿಯಾದುವು. ಬ್ರಿಟನಿಯ ಕೆಂಪೇರ್ ಎಂಬ ಊರಿನಲ್ಲಿ, ಓದೇ ನದಿಯ ದಡದ ಲೊಕ್‌ಮಾರಿಯಾ ಪೇಟೆಗೆ, ೧೬೯೦ರ ವೇಳೆಗೆ ದಕ್ಷಿಣದ ಪ್ರೊವಾನ್ಸಿನಿಂದ ಝಾನ್-ಬ್ಯಾಪ್ಟಿಸ್ಟ್ ಬುಸ್ಕೆ ಎಂಬ ಕುಂಬಾರನು ಬಂದು ನೆಲಸಿದನು. ಆತನ ವಂಶಕ್ಕೆ ಮುಂದೆ ನೆವೇರಿನಿಂದ ಒಬ್ಬ ಅಳಿಯನು ಬಂದನು. ಇನ್ನೊಂದು ತಲೆಮಾರಿನಲ್ಲಿ ರೂವಾಂ ಕಡೆಯಿಂದ ಇನ್ನೊಬ್ಬನು ಬಂದನು. ವರದಕ್ಷಿಣೆ ತೆಗೆದುಕೊಂಡು ಹೋಗುವ ಅಳಿಯಂದಿರನ್ನು ಬಲ್ಲ ನಮ್ಮ ಓದುಗರಿಗೆ, ತಮ್ಮ ಊರಿನ ಕುಸುರಿಯನ್ನೂ ಬಣ್ಣಗಳ ಗುಟ್ಟನ್ನೂ ಮಾವನ ಮನೆಗೆ ತಂದ ಈ ಅಳಿಯಂದಿರು ಮೆಚ್ಚುಗೆಯಾದಾರು. ಅದೇ ಪ್ರಾಂತದ ಮೊರ್ಲೇ ಪಟ್ಟಣದಲ್ಲಿ ಹದಿನೆಂಟನೆಯ ಶತಮಾನದ ಮೊದಲರ್ಧದಲ್ಲಿಯೇ ರಾಜ್ಯದ ದೊಡ್ಡ ಹೊಗೆಸೊಪ್ಪಿನ ಕಾರ್ಖಾನೆ ಎದ್ದಿತು. ಇಪ್ಪತ್ತೊಂದನೆಯ ಶತಮಾನದ ಆರಂಭದವರೆಗೂ ಅದು ಕೆಲಸ ಮಾಡುತ್ತಿದ್ದಿತು. ಹೀಗೆ ಒಂದು ಕಡೆ ಕುಪ್ಪಿ, ಇನ್ನೊಂದು ಕಡೆ ಅದರೊಳಗಿನ ಪುಡಿ, ಎರಡೂ ಅಕ್ಕಪಕ್ಕದಲ್ಲಿ ಬೆಳೆದುವು.

ಕಾಲಕ್ರಮದಲ್ಲಿ ನಸ್ಯದ ರೂಢಿ ಇಳಿಮುಖವಾಯಿತು. ಆದರೆ ಕುಪ್ಪಿ ಸಾಯಲಿಲ್ಲ. ಅದು ವೇಷ ಬದಲಿಸಿತು. ೧೮೬೩ರಲ್ಲಿ ಕೆಂಪೇರಿಗೆ ರೈಲು ಬಂದಿತು. ರೈಲಿನೊಡನೆ ಪ್ರವಾಸಿಗಳು ಬಂದರು. ಊರಿಗೆ ಹೋದವರು ನೆನಪಿಗೆಂದು ಏನಾದರೂ ಕೊಂಡುತರುವುದು ಎಲ್ಲ ದೇಶಗಳಲ್ಲಿಯೂ ಒಂದೇ ಅಲ್ಲವೆ? ೧೮೭೦ರ ದಶಕದಿಂದ ಕೆಂಪೇರಿನ ಚಿತ್ರಕಾರರು ಅಗಲ ಟೋಪಿಯ, ಸಡಿಲ ಚಲ್ಲಣದ ಬ್ರಿಟನಿಯ ರೈತನನ್ನೂ, ಬಿಳಿಯ ಶಿರವಸ್ತ್ರದ ರೈತಹೆಂಗಸನ್ನೂ ತಟ್ಟೆಗಳ ಮೇಲೆಯೂ ಕುಪ್ಪಿಗಳ ಮೇಲೆಯೂ ಬರೆಯತೊಡಗಿದರು. ಇದರಿಂದಾಗಿ ಒಂದು ವಿಪರ್ಯಾಸ ಒದಗಿತು. ಹಿಂದೆ ರೈತನು ತನ್ನ ಜೇಬಿನಲ್ಲಿಟ್ಟುಕೊಂಡ ಕುಪ್ಪಿಯ ಮೇಲೆ ಅವನ ಹೆಸರಿರುತ್ತಿತ್ತು, ಚಿತ್ರವಿರಲಿಲ್ಲ. ಈಗ ಪಟ್ಟಣಿಗನು ಕೊಂಡೊಯ್ಯುವ ಕುಪ್ಪಿಯ ಮೇಲೆ ರೈತನ ಚಿತ್ರ ಬಂದಿತು, ಹೆಸರು ಹೋಯಿತು.

ಹೊಸದಾಗಿ ಈ ಹವ್ಯಾಸಕ್ಕೆ ಇಳಿದವರು ಮೊದಲು ಅರಿಯಬೇಕಾದುದು ಈ ಭೇದವನ್ನೇ. ಹುಂಜ, ಹೂವು, ಹೆಸರುಗಳ ಕುಪ್ಪಿ ನಸ್ಯಕ್ಕಾಗಿ ಹುಟ್ಟಿದ್ದಾಗಿರಬಹುದು. ರೈತದಂಪತಿಗಳ ಚಿತ್ರವಿರುವುದು ಬಹುಮಟ್ಟಿಗೆ ರೈಲು ಬಂದ ಮೇಲಿನದು. ಅಡಿಯಲ್ಲಿರುವ ಗುರುತುಗಳೂ ಕಾಲವನ್ನು ಹೇಳುತ್ತವೆ. ಅಮೆರಿಕದ ಒಂದು ಸುಂಕದ ಕಾನೂನು ೧೮೯೧ರಿಂದ, ಆಮದಾಗುವ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕೆಂದು ವಿಧಿಸಿತು. ಆದಕಾರಣ ‘ಫ್ರಾನ್ಸ್’ ಎಂಬ ಮಾತು ಅಡಿಯಲ್ಲಿ ಕಂಡರೆ ಆ ಕುಪ್ಪಿಯನ್ನು ಮಹಾಕ್ರಾಂತಿಯ ಕಾಲದ್ದೆಂದು ಯಾರು ಆಣೆಯಿಟ್ಟು ಹೇಳಿದರೂ ನಂಬಬೇಕಾಗಿಲ್ಲ. ಆದರೆ ಆ ಮಾತು ಇಲ್ಲವೆಂದ ಮಾತ್ರಕ್ಕೆ ಅದು ಪುರಾತನವೆಂದೂ ಅಲ್ಲ. ಸ್ವದೇಶದ ಮಾರಾಟಕ್ಕೆ ಆ ನಿಯಮದ ಕಟ್ಟಿರಲಿಲ್ಲ. ಕೆಂಪೇರಿನ ಆಂರಿಯೋ ಕಾರ್ಖಾನೆಯವರು ಮೊದಲು ‘ಎಚ್ ಆರ್’ ಎಂಬ ಎರಡಕ್ಷರಗಳನ್ನು ಹಾಕುತ್ತಿದ್ದರು. ಅದು ನೆರೆಯ ಕಾರ್ಖಾನೆಯ ‘ಎಚ್ ಬಿ’ ಗುರುತನ್ನು ಹೋಲುವುದೆಂಬ ವ್ಯಾಜ್ಯ ಎದ್ದು, ೧೯೨೨ರಿಂದ ‘ಆಂರಿಯೋ’ ಎಂದು ಪೂರ್ತಿಯಾಗಿ ಬರೆಯತೊಡಗಿದರು. ದೂರದ ಮಲಿಕಾರ್ನ್ ಎಂಬಲ್ಲಿ ಕೆಂಪೇರಿನ ಮಾದರಿಯನ್ನೇ ಅನುಕರಿಸಿದ ಕಾರ್ಖಾನೆಯೊಂದು ‘ಪಿ ಬಿ’ ಎಂಬ ಹೆಸರಾಂತ ಗುರುತಿಗೆ ಒಂದು ಪುಟ್ಟ ‘ಎಕ್ಸ್’ ಅಕ್ಷರವನ್ನು ಸೇರಿಸಿಕೊಂಡಿತು. ಅವಸರದ ಕಣ್ಣಿಗೆ ಆ ‘ಎಕ್ಸ್’ ಕಾಣುವುದೇ ಇಲ್ಲ.

ಇನ್ನು ಒಡಕಿನ ಪರೀಕ್ಷೆ. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ಬಡಿದು, ದನಿ ಕೇಳಿ ಕೊಳ್ಳುವುದು ನಮ್ಮ ಅಜ್ಜಿಯರಿಗೆ ತಿಳಿದ ವಿದ್ಯೆ. ಅಂಗೈಮೇಲಿಟ್ಟು ಉಗುರಿನಿಂದ ಮೆಲ್ಲನೆ ತಟ್ಟಿದಾಗ ಗಟ್ಟಿ ಕುಪ್ಪಿಯ ದನಿ ಸ್ಪಷ್ಟ. ಬಿರುಕು ಬಿಟ್ಟದ್ದರ ದನಿ ಮಂಕು. ಆದರೆ ಇಂದಿನ ದುರಸ್ತಿಗಾರರು ಬಿರುಕಿನೊಳಗೆ ಅಂಟನ್ನು ತುಂಬಿ, ಮೇಲೆ ಬಣ್ಣ ಬಳಿದು, ಮೆರುಗನ್ನೂ ಕೊಡಬಲ್ಲರು. ಅಂಥ ಕಡೆಗಳಲ್ಲಿ ಕತ್ತಲೆಯ ಕೋಣೆಯಲ್ಲಿ ಅತಿನೇರಳೆ ದೀಪವನ್ನು ಹಿಡಿಯುವುದುಂಟು. ಹಳೆಯ ಲೇಪಕ್ಕಿಂತ ಹೊಸ ಬಣ್ಣ ಬೇರೆಯಾಗಿಯೇ ಹೊಳೆದು ಗುಟ್ಟನ್ನು ಹೊರಹಾಕುವುದು. ಕೊರಳಿನ ಅಂಚು, ಅಡಿಯ ಅಂಚುಗಳನ್ನು ನೋಡುವುದು ಇನ್ನೂ ಒಳ್ಳೆಯದು. ದಿನಕ್ಕೆ ಹತ್ತು ಬಾರಿ ಬಿರಡೆ ತೆಗೆದು ಹಾಕಿದ ಕುಪ್ಪಿಯ ಕೊರಳು ಸವೆದಿರಲೇಬೇಕು. ಇನ್ನೂರು ವರ್ಷದ್ದೆಂದು ಹೇಳುವ ಕುಪ್ಪಿಯ ಕೊರಳು ನಿನ್ನೆ ಆವಿಗೆಯಿಂದ ಬಂದಂತಿದ್ದರೆ, ಒಂದೋ ಅದು ನಸ್ಯವನ್ನು ಕಂಡದ್ದಲ್ಲ, ಇಲ್ಲವೆ ಅದು ಹಳೆಯದೇ ಅಲ್ಲ.

ಇಂಥ ಬಡವರ ಮಣ್ಣಿನ ಸಾಮಾನಿನಲ್ಲಿ ಚರಿತ್ರೆಯನ್ನು ಕಂಡವರಲ್ಲಿ ಶಾಂಫ್ಲೂರಿ ಎಂಬ ಕಾವ್ಯನಾಮದ ಝೂಲ್ ಹುಸ್ಸೋನ್ ಮೊದಲ ಸಾಲಿನವನು. ೧೮೨೧ರಲ್ಲಿ ಹುಟ್ಟಿದ ಈ ಕಾದಂಬರಿಕಾರನು, ಮಹಾಕ್ರಾಂತಿಯ ಕಾಲದಲ್ಲಿ ಅಗ್ಗದ ತಟ್ಟೆಗಳ ಮೇಲೆ ಕುಂಬಾರರು ಬರೆದಿದ್ದ ಘೋಷಣೆಗಳನ್ನೂ ಚಿತ್ರಗಳನ್ನೂ ಹುಡುಕಿ ಹುಡುಕಿ ಕೂಡಿಹಾಕಿದನು. ೧೮೬೭ರಲ್ಲಿ ಅವುಗಳ ಚರಿತ್ರೆಯನ್ನೇ ಬರೆದನು. ಮುಂದೆ ಸೆವ್ರದ ಪ್ರಸಿದ್ಧ ಪಿಂಗಾಣಿ ಕಾರ್ಖಾನೆಯ ಸಂಗ್ರಹಾಲಯದ ಹೊಣೆಯೂ ಆತನಿಗೆ ಬಂದಿತು. ಇತಿಹಾಸಕಾರರು ಸಭೆಗಳ ಭಾಷಣಗಳಲ್ಲಿ ಹುಡುಕುತ್ತಿದ್ದ ಕ್ರಾಂತಿಯನ್ನು ಆತ ಗಂಜಿ ಕುಡಿಯುವವನ ಬಟ್ಟಲಿನಲ್ಲಿ ಹುಡುಕಿದನು. ಆದರೆ ಅವನ ಪುಸ್ತಕದಿಂದ ಬೆಲೆ ಏರಿದ್ದೇ ತಡ, ‘ಕ್ರಾಂತಿಯ ತಟ್ಟೆ’ಗಳು ಹೊಸದಾಗಿ ತಯಾರಾಗತೊಡಗಿದವು! ಪ್ರೀತಿಯಿಂದ ಒಂದು ವಸ್ತುವನ್ನು ಬೆಳಕಿಗೆ ತಂದವನೇ ಅದರ ನಕಲಿಗೂ ದಾರಿ ತೋರಿದಂತಾಯಿತು.

ಸಂಗ್ರಹದ ಹುಚ್ಚನ್ನೂ ಶಾಂಫ್ಲೂರಿ ಚೆನ್ನಾಗಿ ಬಲ್ಲವನಾಗಿದ್ದನು. ೧೮೬೨ರಲ್ಲಿ ಪ್ರಕಟವಾದ ‘ಫೈಯಾನ್ಸಿನ ಪಿಟೀಲು’ ಎಂಬ ಅವನ ಕಾದಂಬರಿಯಲ್ಲಿ ಇಬ್ಬರು ಗೆಳೆಯರು. ಒಬ್ಬನು ಪ್ಯಾರಿಸಿನವನು, ಫೈಯಾನ್ಸಿನ ಹುಚ್ಚು ಹತ್ತಿದವನು. ಇನ್ನೊಬ್ಬನು ನೆವೇರಿನಲ್ಲಿ ನೆಮ್ಮದಿಯಾಗಿರುವವನು. ಊರಿನಲ್ಲಿ ಹಳೆಯ ತಟ್ಟೆಗಳು ಸಿಕ್ಕಿದರೆ ಕಳುಹಿಸೆಂದು ಮೊದಲನೆಯವನು ಕೇಳಿದ್ದೇ ತಪ್ಪಾಯಿತು. ಹುಡುಕುತ್ತ ಹುಡುಕುತ್ತ ಎರಡನೆಯವನಿಗೂ ಆ ಜ್ವರ ತಗುಲಿತು. ಮಣ್ಣಿನಿಂದ ಮಾಡಿದ ಒಂದು ಪಿಟೀಲಿಗಾಗಿ ಆ ಸ್ನೇಹವು ಕಹಿಯಾಯಿತು. ಪಿಟೀಲನ್ನು ನುಡಿಸಲಾಗದು, ತಟ್ಟೆಯಲ್ಲಿ ಉಣ್ಣಲಾಗದು. ಆದರೂ ಅದಕ್ಕಾಗಿ ಮನುಷ್ಯನನ್ನು ಕಳೆದುಕೊಳ್ಳಬಹುದು! ಹವ್ಯಾಸವುಳ್ಳ ಪ್ರತಿಯೊಂದು ಮನೆಯವರೂ ಒಮ್ಮೆ ನೆನೆಯಬೇಕಾದ ಮಾತಿದು.

ಹಾಗಾದರೆ ಒಳ್ಳೆಯ ಸಂಗ್ರಾಹಕನು ಯಾರು? ಪ್ಯಾರಿಸಿನ ದ್ರುವೊ ಹರಾಜು ಮಂದಿರದಲ್ಲಿ ಎಲ್ಲರಿಗಿಂತ ಹೆಚ್ಚು ಬೆಲೆ ಕೂಗಿದವನೆ? ಹೆಚ್ಚು ಕುಪ್ಪಿಗಳನ್ನು ಗಾಜಿನ ಕಪಾಟಿನಲ್ಲಿ ಜೋಡಿಸಿದವನೆ? ಈ ಪ್ರಶ್ನೆಗೆ ಉತ್ತರವನ್ನು ಕಪಾಟಿನಲ್ಲಿ ಹುಡುಕಿ ಫಲವಿಲ್ಲ. ಮುಕ್ಕಾದ ಕುಪ್ಪಿಯೊಂದು ಕೈಗೆ ಬಂದಾಗ ಆತನು ಏನು ಮಾಡುವನೆಂಬುದರಲ್ಲಿ ಹುಡುಕಬೇಕು.

ಬೆನ್ನಮೇಲೆ ಹೆಸರುಳ್ಳ ಒಂದು ಕುಪ್ಪಿ ಸಿಕ್ಕಿತೆಂದು ಭಾವಿಸೋಣ. ಅಂಚಿನಲ್ಲಿ ಚಕ್ಕೆ ಎದ್ದಿದೆ. ಚಕ್ಕೆಯೊಡನೆ ಹೆಸರಿನ ಮೂರು ಅಕ್ಷರಗಳು ಹೋಗಿವೆ. ಚಕ್ಕೆ ಎದ್ದ ಕಡೆ ಬಿಳುಪಿನ ಕೆಳಗಿನ ಬಡಮಣ್ಣು ಕಾಣುತ್ತದೆ. ಹಾಗೆಯೇ ಇಟ್ಟರೆ ಬೆಲೆ ಕಡಿಮೆ, ನೋಡುವವರ ಕಣ್ಣಿಗೂ ಕುಂದು. ಚತುರನಾದ ದುರಸ್ತಿಗಾರನಿಗೆ ಕೊಟ್ಟರೆ ಚಕ್ಕೆಯನ್ನು ತುಂಬಿ, ಹೋದ ಅಕ್ಷರಗಳನ್ನು ಊಹೆಯಿಂದ ಬರೆದು, ಯಾರಿಗೂ ಗೊತ್ತಾಗದಂತೆ ಮಾಡಿಕೊಡುವನು. ಕುಪ್ಪಿ ಪೂರ್ಣವಾಯಿತು. ಆದರೆ ಆ ಗಳಿಗೆಯಿಂದ ಎಂದೂ ಬದುಕಿರದ ಒಬ್ಬ ಮನುಷ್ಯನು ಹುಟ್ಟಿಕೊಂಡನು. ನಿಜವಾಗಿ ಬದುಕಿದ್ದವನು, ತನ್ನ ಹೆಸರಿನ ಅರ್ಧವನ್ನಾದರೂ ಉಳಿಸಿಕೊಂಡಿದ್ದವನು, ಅಳಿಸಿಹೋದನು. ಒಬ್ಬ ರೈತನೋ ಅಂಬಿಗನೋ ತನಗಾಗಿ ಹೆಸರು ಹಾಕಿಸಿಕೊಂಡ ವಸ್ತು ಬಹುಶಃ ಜೀವಮಾನದಲ್ಲಿ ಅದೊಂದೇ ಇದ್ದೀತು. ಅದನ್ನೂ ನಮ್ಮ ಅಂದದ ಆಸೆಗಾಗಿ ಕಿತ್ತುಕೊಂಡರೆ ಅದು ಬಂಗಾರದ ಡಬ್ಬಿಯ ಕಳವಿಗಿಂತ ದೊಡ್ಡ ಕಳವಲ್ಲವೆ? ವಸ್ತುಸಂಗ್ರಹಾಲಯಗಳ ಪಂಡಿತರು ಇದನ್ನರಿತೇ ಇಂದು ಒಂದು ಕಟ್ಟುಪಾಡನ್ನು ಪಾಲಿಸುತ್ತಾರೆ. ದುರಸ್ತಿಯು ದುರಸ್ತಿಯೆಂದು ಗುರುತು ಸಿಗುವಂತಿರಬೇಕು. ಬೇಕೆಂದಾಗ ತೆಗೆದುಹಾಕಲು ಬರುವಂತಿರಬೇಕು.

ಮನೆಯಲ್ಲಿಯೇ ಸಂಗ್ರಹಿಸುವವರಿಗೂ ಇದಕ್ಕಿಂತ ಒಳ್ಳೆಯ ನಿಯಮವಿಲ್ಲ. ಅದಕ್ಕೆ ಬೇಕಾದುದು ಹಣವಲ್ಲ, ಒಂದು ದಾಖಲೆಯ ಪುಸ್ತಕ. ಕುಪ್ಪಿ ಎಲ್ಲಿ ಕೊಂಡದ್ದು, ಯಾವಾಗ, ಮಾರಿದವರು ಅದರ ಬಗ್ಗೆ ಏನು ಹೇಳಿದರು, ಎಲ್ಲೆಲ್ಲಿ ಮುಕ್ಕಾಗಿದೆ, ಯಾವ ದುರಸ್ತಿ ಆಗಿದೆ — ಇಷ್ಟನ್ನು ಬರೆದಿಡಬೇಕು. ಹೆಸರಿದ್ದರೆ ಕಂಡ ಅಕ್ಷರಗಳನ್ನು ಕಂಡಂತೆಯೇ, ತಪ್ಪಿದ ಕಾಗುಣಿತದೊಡನೆಯೇ ಬರೆದು, ಕಾಣದ ಅಕ್ಷರಗಳ ಜಾಗವನ್ನು ಖಾಲಿ ಬಿಡಬೇಕು. ಸಂಗ್ರಾಹಕನು ಮುಂದೊಂದು ದಿನ ಇಲ್ಲವಾಗುವನು. ಕುಪ್ಪಿಗಳು ಮಕ್ಕಳ ಕೈಗೋ ಹರಾಜಿಗೋ ಹೋಗುವುವು. ಆ ಪುಸ್ತಕವಿಲ್ಲದಿದ್ದರೆ ಅವು ಮತ್ತೆ ಅನಾಥವಾದ ಮಣ್ಣಿನ ಚೂರುಗಳು.

ಕೊನೆಯದಾಗಿ ಒಂದು ಚಿಕ್ಕ ಮಾತು. ಹಳೆಯ ಕುಪ್ಪಿಯನ್ನು ಕೊಂಡು ತಂದವರು ಅದನ್ನು ಬಿಸಿನೀರಿನಲ್ಲಿ ಅದ್ದಿ, ಒಳಗೆಲ್ಲ ತೊಳೆದು ಶುಭ್ರಗೊಳಿಸಲು ಆತುರಪಡುವುದು ಸಹಜ. ನಮ್ಮ ಮನೆಗಳಲ್ಲಂತೂ ಅಡಿಗೆಮನೆಯವರು ಅದನ್ನು ಹುಣಸೆಹಣ್ಣಿನಲ್ಲಿ ತಿಕ್ಕದೆ ಒಳಗೆ ಬಿಟ್ಟುಕೊಳ್ಳಲಾರರು. ಆದರೆ ಬಿರಡೆ ತೆಗೆದು ಬೆಳಕಿಗೆ ಹಿಡಿದರೆ ಕೆಲವು ಕುಪ್ಪಿಗಳ ಒಳಮೈಯಲ್ಲಿ ಒಂದು ಕಂದುಕಲೆ ಇನ್ನೂ ಅಂಟಿರುವುದು ಕಾಣುತ್ತದೆ. ಅದನ್ನು ಹಾಗೆಯೇ ಬಿಡುವುದು ಮೇಲು. ಬೆನ್ನಮೇಲೆ ಹೆಸರು ಬರೆಸಿಕೊಂಡವನು ಆ ಕುಪ್ಪಿಯನ್ನು ಕಟ್ಟಕಡೆಗೆ ಒಮ್ಮೆ ಕುಲುಕಿ, ಮತ್ತೆ ತೆರೆಯಬಹುದೆಂದುಕೊಂಡು ಬಿರಡೆ ಹಾಕಿ ಜೇಬಿಗಿಳಿಸಿದ ಗುರುತು ಅದಾಗಿದ್ದೀತು.